ತ್ರಾನಿಯ ಸ್ಕೋಲಾನೋವ: ಹಿಂದಿರುಗಿ ಬಂದ ಸಭಾಮಂದಿರ

ದಕ್ಷಿಣ ಇಟಲಿಯ ಪೂಲ್ಯ ಪ್ರಾಂತದಲ್ಲಿ, ಏಡ್ರಿಯಾಟಿಕ್ ಸಮುದ್ರದ ದಡದ ಮೇಲೆ ತ್ರಾನಿ ಎಂಬ ಚಿಕ್ಕ ಬಂದರು ಪಟ್ಟಣವಿದೆ. ಅದರ ಹಳೆಯ ಯೆಹೂದ್ಯ ಕೇರಿಯಲ್ಲಿ ನಿಂತಿರುವ ಸ್ಕೋಲಾನೋವ ಎಂಬ ಕಲ್ಲಿನ ಕಟ್ಟಡವು 13ನೆಯ ಶತಮಾನದಲ್ಲಿ ಸಭಾಮಂದಿರವಾಗಿ ಹುಟ್ಟಿತು. ಮುಂದಿನ ಶತಮಾನದಲ್ಲಿ ಕ್ರೈಸ್ತ ದೇವಾಲಯವಾಯಿತು. 2006ರಲ್ಲಿ ಪುನಃ ಸಭಾಮಂದಿರವಾಯಿತು. ಈ ಚರಿತ್ರೆ ಯೆಹೂದ್ಯರದ್ದು ಮಾತ್ರವಲ್ಲ, ಕ್ರೈಸ್ತ ಸಭೆಯದ್ದೂ ಹೌದು.

12ನೆಯ ಶತಮಾನದ ಪ್ರವಾಸಿ ತುದೇಲದ ಬೆಂಜಮಿನನು ತ್ರಾನಿಯಲ್ಲಿ ಸುಮಾರು 200 ಯೆಹೂದ್ಯರನ್ನು ಎಣಿಸಿದನು. ತಾಲ್ಮೂದಿನ ಪ್ರಸಿದ್ಧ ವ್ಯಾಖ್ಯಾನಕಾರ ರಬ್ಬಿ ಯೆಶಾಯನ ಹೆಸರಿನೊಡನೆ ಈ ಊರಿನ ಹೆಸರು ಇಂದಿಗೂ ಸೇರಿಕೊಂಡಿದೆ. ಚಕ್ರವರ್ತಿ ಎರಡನೆಯ ಫ್ರೆಡರಿಕನು 1231ರಲ್ಲಿ ಕಚ್ಚಾ ರೇಷ್ಮೆಯ ವ್ಯಾಪಾರವನ್ನು ತ್ರಾನಿಯ ಯೆಹೂದ್ಯರ ಕೈಗೆ ಒಪ್ಪಿಸಿದನು. ಊರಿನಲ್ಲಿ ನಾಲ್ಕು ಸಭಾಮಂದಿರಗಳಿದ್ದವು.

ಫ್ರೆಡರಿಕನ ವಂಶ ಅಳಿದು ಆಂಜೂ ಮನೆತನ ಪಟ್ಟಕ್ಕೆ ಬಂದ ಮೇಲೆ ಗಾಳಿ ತಿರುಗಿತು. 1290ರ ದಶಕದಲ್ಲಿ ರಾಜಾಧಿಕಾರದ ಒತ್ತಾಯಕ್ಕೆ ಸಿಲುಕಿ ಅನೇಕರು ದೀಕ್ಷಾಸ್ನಾನ ಹೊಂದಿದರು. ಸುಮಾರು 1380ರ ಹೊತ್ತಿಗೆ ಸಭಾಮಂದಿರಗಳು ದೇವಾಲಯಗಳಾಗಿದ್ದವು. 1510ರ ಮತ್ತು 1541ರ ರಾಜಾಜ್ಞೆಗಳು ನೇಪಲ್ಸ್ ರಾಜ್ಯದಲ್ಲಿ ಉಳಿದಿದ್ದ ಯೆಹೂದ್ಯರನ್ನೂ ಹೊರದೂಡಿದವು.

ಆದರೂ ನೆನಪು ಅಳಿಯಲಿಲ್ಲ. ಹೊಸ ದೇವಾಲಯವನ್ನು ಜನರು ಸಾಂತಾ ಮರಿಯ ಇನ್ ಸ್ಕೋಲಾನೋವ ಎಂದೇ ಕರೆದರು. ‘ಸ್ಕೋಲಾನೋವ’ ಎಂದರೆ ಹೊಸ ಸಭಾಮಂದಿರ. ಕಿತ್ತುಕೊಂಡವರ ನಾಲಗೆಯ ಮೇಲೆಯೇ ಕಳೆದುಕೊಂಡವರ ಹೆಸರು ಶತಮಾನಗಳ ಕಾಲ ಉಳಿಯಿತು.

ಬಹುಕಾಲ ಮುಚ್ಚಿದ್ದ ಆ ಕಟ್ಟಡದೊಳಗೆ ಇಂದು ಹೀಬ್ರೂ ಪ್ರಾರ್ಥನೆ ಕೇಳಿಬರುತ್ತದೆ. ಈ ಪುನಃಸ್ಥಾಪನೆಗಾಗಿ ದುಡಿದವರಲ್ಲಿ ನೆರೆಯ ಬಾರ್ಲೆತ್ತ ಪಟ್ಟಣದ ಪಿಯಾನೋ ವಾದಕ ಫ್ರಾಂಚೆಸ್ಕೊ ಲೊತೊರೊ ಒಬ್ಬರು. ಸೆರೆಶಿಬಿರಗಳಲ್ಲಿ ರಚಿತವಾದ ಸಂಗೀತವನ್ನು ಹುಡುಕಿ ಸಂಗ್ರಹಿಸಿದವರೂ ಅವರೇ. ನೇಪಲ್ಸಿನ ಯೆಹೂದ್ಯ ಸಮುದಾಯಕ್ಕೆ ಸೇರಿದ ಈ ಶಾಖೆ ಬಹಳ ಚಿಕ್ಕದು. ಆದರೆ ಶೇಷಜನವನ್ನು ಕುರಿತ ಪ್ರವಾದಿಗಳ ಮಾತನ್ನು ಓದಿದವರು ಎಣಿಕೆಯಿಂದ ಜೀವವನ್ನು ಅಳೆಯಲಾರರು. ಸಮೀಪದಲ್ಲಿರುವ ಮತ್ತೊಂದು ಸಭಾಮಂದಿರ, 1247ರಲ್ಲಿ ಕಟ್ಟಿದ ಸ್ಕೋಲಾ ಗ್ರಾಂದೆ, ಸಂತ ಅನ್ನಳ ದೇವಾಲಯವಾಗಿದ್ದು ಈಗ ಯೆಹೂದ್ಯ ಚರಿತ್ರೆಯ ವಸ್ತುಸಂಗ್ರಹಾಲಯವಾಗಿದೆ. ಒಂದು ಮಂದಿರ ಸ್ಮರಣೆಯನ್ನು ಕಾಯುತ್ತಿದೆ, ಇನ್ನೊಂದು ಆರಾಧನೆಯನ್ನು.

ಸ್ಕೋಲಾನೋವದ ಮೇಲೆ ದೇವಾಲಯದ ಕಾಲದ ಗಂಟೆಗೋಡು ಇನ್ನೂ ನಿಂತಿದೆ. ನಮ್ಮ ಧ್ಯಾನಕ್ಕೆ ಅದು ತಕ್ಕ ಗುರುತು. ಅಪೊಸ್ತಲ ಪೌಲನು ರೋಮಾಪುರದ ಸಭೆಗೆ ಬರೆದಾಗ, ಅನ್ಯಜನರಾದ ನಮ್ಮನ್ನು ಕಸಿಮಾಡಲ್ಪಟ್ಟ ಕಾಡೆಣ್ಣೆಮರದ ಕೊಂಬೆಗೆ ಹೋಲಿಸಿ, ಬೇರಿನ ಮುಂದೆ ಹೆಚ್ಚಳಪಡಬಾರದೆಂದು ಎಚ್ಚರಿಸಿದನು. ತ್ರಾನಿಯಲ್ಲಿ ಕೊಂಬೆಯು ಬೇರನ್ನೇ ಹೊರಹಾಕಲು ನೋಡಿತು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ‘ನೊಸ್ತ್ರಾ ಏತಾತೆ’ ಎಂಬ ಘೋಷಣೆಯಲ್ಲಿ ಇದೇ ಬೇರನ್ನು ನೆನೆದು, ಯೆಹೂದ್ಯ ದ್ವೇಷವನ್ನು ಖಂಡಿಸಿತು. ಘೋಷಣೆ ಕಾಗದದ ಮೇಲಿನ ಮಾತು. ಬೀಗದ ಕೈಯನ್ನು ಹಿಂದಿರುಗಿಸುವುದು ಅದರ ಕ್ರಿಯೆ. ಜಕ್ಕಾಯನ ಮನೆಗೆ ರಕ್ಷಣೆ ಬಂದ ದಿನ ಅವನು ಪಶ್ಚಾತ್ತಾಪದ ಮಾತಿನಷ್ಟಕ್ಕೆ ನಿಲ್ಲದೆ, ಅನ್ಯಾಯವಾಗಿ ಪಡೆದದ್ದನ್ನು ತಿರುಗಿ ಕೊಡಲು ಮುಂದಾದನು. ಆದುದರಿಂದ ಸ್ಕೋಲಾನೋವದ ಮರಳಿಕೆಯನ್ನು ಸಭೆಯ ಔದಾರ್ಯವೆಂದು ಹೊಗಳುವುದು ಸಲ್ಲದು. ಅದು ತಡವಾಗಿ ತೀರಿಸಿದ ಸಾಲ. ಸಭಾಚರಿತ್ರೆಯನ್ನು ಬೋಧಿಸುವ ನಾವು ದೇವಾಲಯಗಳ ಸ್ಥಾಪನೆಯ ವರ್ಷಗಳನ್ನು ಹೇಳುವಾಗ, ಆ ನೆಲದ ಮೇಲೆ ಮೊದಲು ಪ್ರಾರ್ಥಿಸಿದವರು ಯಾರೆಂದು ಕೇಳುವುದನ್ನೂ ಕಲಿಸಬೇಕು.