ಸದ್ದಿಲ್ಲದ 110 ದಿನ

ಸುತ್ತೋಲೆ ಸಂಖ್ಯೆ 21916. ಆಕಾಶದಲ್ಲಿ ದಿಢೀರನೆ ನಡೆಯುವ ಘಟನೆಗಳನ್ನು ಖಗೋಳಜ್ಞರು ಪರಸ್ಪರ ತಿಳಿಸಿಕೊಳ್ಳುವ ಕಡತದಲ್ಲಿ ಅದು ಇಂದಿಗೂ ಇದೆ, ಯಾರು ಬೇಕಾದರೂ ತೆಗೆದು ಓದಬಹುದು. ಅಂಚೆ ಕಚೇರಿಯ ತಂತಿಯಂತೆ ಮೊಟಕು ಭಾಷೆ. 2017ರ ಸೆಪ್ಟೆಂಬರ್ 22, 20 ಗಂಟೆ 54 ನಿಮಿಷ 30.43 ಸೆಕೆಂಡು, ಜಾಗತಿಕ ಕಾಲಮಾನ. ಆಕಾಶದಲ್ಲಿ ಜಾಗ: 77.43 ಡಿಗ್ರಿ, 5.72 ಡಿಗ್ರಿ. ನಮ್ಮ ಗಡಿಯಾರದಲ್ಲಿ ಆಗ 23ರ ನಸುಕಿನ ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷ. ದಕ್ಷಿಣ ಧ್ರುವದ ಹಿಮದೊಳಗೆ ಹೂತಿರುವ ಐಸ್‌ಕ್ಯೂಬ್ ಶೋಧಕಕ್ಕೆ ಭಾರಿ ಶಕ್ತಿಯ ಒಂದು ನ್ಯೂಟ್ರಿನೊ ಸಿಕ್ಕಿದೆ, ಸಾಧ್ಯವಿದ್ದವರು ಅತ್ತ ನೋಡಿ ಎಂಬುದಷ್ಟೇ ಅದರ ಸಾರ.

ನಾನು ಈ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು ಕೂತದ್ದಕ್ಕೆ ಒಂದು ಹಳೆಯ ಅನುಮಾನ ಕಾರಣ. ಬ್ಲೇಜಾರ್ ಎಂಬ ದೂರದ ಉಜ್ವಲ ಕಾಯ ಭುಗಿಲೆದ್ದಾಗ ಅದರ ಒಡಲಲ್ಲಿ ಓಡುವುದು ಬರೀ ಎಲೆಕ್ಟ್ರಾನುಗಳೋ, ಪ್ರೋಟಾನುಗಳೂ ಇವೆಯೋ? ಬೆಳಕನ್ನಷ್ಟೇ ನೋಡಿ ಇದನ್ನು ತೀರ್ಮಾನಿಸುವುದು ಕಷ್ಟ. ನ್ಯೂಟ್ರಿನೊ ಬಂದರೆ ಮಾತು ಬೇರೆ.

ಮೊದಲ ದಿನಗಳ ವರದಿಗಳು ನೀರಸ. ನಮೀಬಿಯಾದ ಹೆಸ್ ದೂರದರ್ಶಕಗಳಿಗೆ ಏನೂ ಕಾಣಲಿಲ್ಲ. ಸ್ವಿಫ್ಟ್ ಉಪಗ್ರಹ ಆ ವಲಯದಲ್ಲಿ ಒಂಬತ್ತು ಎಕ್ಸ್‌ರೇ ಮೂಲಗಳನ್ನು ಪಟ್ಟಿ ಮಾಡಿತು. ಬೇಕಾದ ಆಸಾಮಿ ಆ ಒಂಬತ್ತರಲ್ಲೇ ಇತ್ತು. ಅದರತ್ತ ಬೊಟ್ಟು ಮಾಡಿದ ಕಾಗದ ಬಂದದ್ದು 28ರಂದು. ಹಿರೋಶಿಮಾ ವಿಶ್ವವಿದ್ಯಾಲಯದ ಯಸುಯುಕಿ ತನಾಕಾ ಮತ್ತು ಸಂಗಡಿಗರು ಫರ್ಮಿ ಗಾಮಾ ಉಪಗ್ರಹದ ದಿನವಹಿ ತಿರುವಿ ನೋಡಿದಾಗ, ಆ ಜಾಗದ ಒಂದು ಬ್ಲೇಜಾರ್ ತನ್ನ ಮಾಮೂಲಿಗಿಂತ ಸುಮಾರು ಆರು ಪಟ್ಟು ಉರಿಯುತ್ತಿತ್ತು. ಹೆಸರು ಟಿಎಕ್ಸ್‌ಎಸ್ 0506+056. ಟೆಕ್ಸಸ್‌ನ ರೇಡಿಯೊ ಸಮೀಕ್ಷೆಯಲ್ಲಿ ಯಾವತ್ತೋ ನಮೂದಾಗಿದ್ದ, ಮಹಾವ್ಯಾಧನ ಹೆಗಲಿಗೂ ಬಿಲ್ಲಿಗೂ ನಡುವಿನ ಚುಕ್ಕಿ. ಅದರ ಬೆಳಕು ಹೊರಟು 400 ಕೋಟಿ ವರ್ಷಕ್ಕೆ ತುಸು ಕಡಿಮೆ. ಲಾ ಪಾಲ್ಮಾ ದ್ವೀಪದ ಮ್ಯಾಜಿಕ್ ದೂರದರ್ಶಕಗಳೂ ಮೊದಲ ಸಲ ಬರಿಗೈಲಿ ಮರಳಿದ್ದವು. ಆದರೆ 28ರಿಂದ ಮತ್ತೆ ನೋಡಿದಾಗ ಸುಮಾರು 400 ಗಿಗಾ ಎಲೆಕ್ಟ್ರಾನ್ ವೋಲ್ಟ್‌ವರೆಗಿನ ಗಾಮಾ ಕಿರಣ ಸಿಕ್ಕಿತು.

ಅಲ್ಲಿ ನಡೆಯುವುದೇನು? ಸೂರ್ಯನ ಕೋಟಿಗಟ್ಟಲೆ ಪಟ್ಟು ತೂಕದ ಕಪ್ಪುಕುಳಿ, ಅದರಿಂದ ಬೆಳಕಿನ ವೇಗದ ಹತ್ತಿರ ಹತ್ತಿರ ಚಿಮ್ಮುವ ಜೆಟ್, ಆ ಜೆಟ್ ನೇರ ನಮ್ಮ ಮುಖಕ್ಕೆ. ವೇಗದ ಅಲೆಯೊಂದು ಮುಂದಿನ ನಿಧಾನದ ಅಲೆಗೆ ಹಿಂದಿನಿಂದ ಗುದ್ದಿದಲ್ಲಿ ಆಘಾತದ ಗಡಿ ಏಳುತ್ತದೆ. ಗಡಿಯ ಎರಡೂ ಮಗ್ಗುಲಿನ ಕಾಂತಕ್ಷೇತ್ರಕ್ಕೆ ಸಿಕ್ಕ ಕಣ ಅತ್ತಿಂದಿತ್ತ ದಾಟುತ್ತ, ದಾಟಿದಾಗಲೆಲ್ಲ ಒಂದಿಷ್ಟು ಶಕ್ತಿ ಗಳಿಸುತ್ತದೆ. 1949ರಲ್ಲಿ ಎನ್ರಿಕೊ ಫರ್ಮಿ ಬಿತ್ತಿದ ಯೋಚನೆ ಇದು. ಆಘಾತದ ಗಡಿಗೆ ಅದನ್ನು ಹೊಂದಿಸಿದ್ದು 1977–78ರಲ್ಲಿ ಬೇರೆಯವರು. ಲೆಕ್ಕ ಚಕ್ರಬಡ್ಡಿಯದು. ಪ್ರತಿ ಸುತ್ತಿಗೂ ಬಡ್ಡಿ ಅಸಲಿಗೆ ಸೇರುತ್ತದೆ, ಪ್ರತಿ ಸುತ್ತಿನಲ್ಲೂ ಕೆಲವು ಠೇವಣಿದಾರರು ಎದ್ದು ಹೋಗುತ್ತಾರೆ, ಕೊನೆವರೆಗೆ ಕೂತ ಬೆರಳೆಣಿಕೆಯವರ ಗಂಟು ಊಹೆ ಮೀರಿ ಬೆಳೆದಿರುತ್ತದೆ. ಕಾಂತರೇಖೆಗಳು ತುಂಡಾಗಿ ಮತ್ತೆ ಬೆಸೆಯುವಾಗಲೂ ಕಣಗಳಿಗೆ ವೇಗ ಸಿಗಬಹುದು ಎನ್ನುವವರಿದ್ದಾರೆ. ಆದರೆ 2022ರ ಮಾರ್ಚಿನಲ್ಲಿ ಐಕ್ಸ್‌ಪಿ ಉಪಗ್ರಹ ಮಾರ್ಕೇರಿಯನ್ 501 ಎಂಬ ಬ್ಲೇಜಾರನ್ನು ನೋಡಿದಾಗ ಎಕ್ಸ್‌ರೇಯ ಧ್ರುವೀಕರಣ ಶೇ. 10ರಷ್ಟಿತ್ತು, ಕಣ್ಣಿಗೆ ಕಾಣುವ ಬೆಳಕಿನದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಎಲೆಕ್ಟ್ರಾನುಗಳು ಗಡಿಯ ಬುಡದಲ್ಲಿ ವೇಗ ಪಡೆದು, ದೂರ ಸರಿದಂತೆ ಶಕ್ತಿ ಕಳೆದುಕೊಳ್ಳುತ್ತವೆ ಎಂಬ ಚಿತ್ರಕ್ಕೆ ಅದು ಸರಿಯಾಗಿ ಹೊಂದುತ್ತದೆ. ನನ್ನ ಒಲವೂ ಆಘಾತದ ಕಡೆಗೇ.

ಎಲೆಕ್ಟ್ರಾನಿಗೆ ಸಿಗುವ ಬಡ್ಡಿ ಪ್ರೋಟಾನಿಗೂ ಸಿಗಬೇಕಲ್ಲ! ಸಿಕ್ಕರೆ ಅದು ಬೆಳಕಿನ ಕಣಕ್ಕೆ ಡಿಕ್ಕಿ ಹೊಡೆದು ಪಯಾನ್ ಎಂಬ ಕಣವನ್ನು ಹುಟ್ಟಿಸುತ್ತದೆ. ವಿದ್ಯುದಂಶವಿರುವ ಪಯಾನ್ ಒಡೆದರೆ ನ್ಯೂಟ್ರಿನೊ, ಇಲ್ಲದ್ದು ಒಡೆದರೆ ಗಾಮಾ. ನ್ಯೂಟ್ರಿನೊ ಪಾಲಿಗೆ ಬರುವುದು ಪ್ರೋಟಾನಿನ ಶಕ್ತಿಯಲ್ಲಿ ಇಪ್ಪತ್ತನೇ ಒಂದು ಭಾಗದಷ್ಟು. ಸೆಪ್ಟೆಂಬರ್ 22ರ ನ್ಯೂಟ್ರಿನೊದ ಶಕ್ತಿಯ ಅಂದಾಜು 290 ಟೆರಾ ಎಲೆಕ್ಟ್ರಾನ್ ವೋಲ್ಟ್. ಅಂದರೆ ಅದನ್ನು ಹೆತ್ತ ಪ್ರೋಟಾನಿನದು ಆರು ಸಾವಿರದ ಆಸುಪಾಸು. ಜಿನೀವಾದ ದೊಡ್ಡ ಕಣವೇಗವರ್ಧಕ ಯಂತ್ರದಲ್ಲಿ ಆ ವರ್ಷ ಒಂದು ಪ್ರೋಟಾನಿಗೆ ಕೊಡುತ್ತಿದ್ದದ್ದು ಬರೀ ಆರೂವರೆ ಟೆರಾ.

ಆದರೂ ಒಂದೇ ಸಾಕ್ಷಿ ಸಾಲದು. ಐಸ್‌ಕ್ಯೂಬ್ ತಂಡ ತನ್ನದೇ ಉಗ್ರಾಣಕ್ಕೆ ಇಳಿಯಿತು. ಒಂಬತ್ತೂವರೆ ವರ್ಷದ ದಾಖಲೆ. ಅದರಲ್ಲಿ ಬಹುಪಾಲು ಭೂಮಿಯ ವಾತಾವರಣದಲ್ಲೇ ಹುಟ್ಟಿದ ಜೊಳ್ಳು. ಆ ಒಂದೇ ದಿಕ್ಕನ್ನು ಹಿಡಿದು ಜಾಲಿಸುತ್ತ ಹೋದಾಗ 2014–15ರಲ್ಲಿ ಗುಂಪೊಂದು ಸಿಕ್ಕಿತು. 2014ರ ಡಿಸೆಂಬರ್ 13ನ್ನು ನಡುವಿಟ್ಟು ಸುಮಾರು 110 ದಿನ, ಮಾಮೂಲಿಗಿಂತ 13 ನ್ಯೂಟ್ರಿನೊ ಹೆಚ್ಚು, ಐದು ಆಚೀಚೆ. ಇದು ಬರೀ ಕಾಕತಾಳೀಯವಾಗಿರುವ ಸಾಧ್ಯತೆ ಸುಮಾರು ಐದು ಸಾವಿರಕ್ಕೊಂದು. ಭೌತವಿಜ್ಞಾನಿಗಳಿಗೆ ಇಷ್ಟು ಸಾಲದು, ಅವರು 35 ಲಕ್ಷಕ್ಕೊಂದನ್ನು ಕೇಳುವ ಜನ. 2017ರ ನ್ಯೂಟ್ರಿನೊ ಮತ್ತು ಈ ಹಳೆಯ ಗುಂಪಿನ ಕುರಿತ ಎರಡೂ ಪ್ರಬಂಧಗಳು 2018ರ ಜುಲೈನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದವು.

ನಾನು ನೇರ ಫರ್ಮಿ ಉಪಗ್ರಹದ ದಾಖಲೆಯಲ್ಲಿ ಅದೇ ತಿಂಗಳುಗಳಿಗೆ ಹೋದೆ. ದೊಡ್ಡ ಉರಿಯನ್ನೇ ನಿರೀಕ್ಷಿಸಿದ್ದೆ. 2017ರಲ್ಲಿ ಗುಡ್ಡದಂತೆ ಎದ್ದಿದ್ದ ಗೆರೆ ಇಲ್ಲಿ ನೆಲ ಕಚ್ಚಿದೆ. 13 ನ್ಯೂಟ್ರಿನೊ ಬಂದಾಗ ಗಾಮಾ ಮೌನ, ಒಂದೇ ಒಂದು ಬಂದಾಗ ಗಾಮಾ ಅಬ್ಬರ. ಪಯಾನಿನ ಲೆಕ್ಕದಲ್ಲಿ ಎರಡೂ ಜೋಡಿಯಾಗಿ ಹುಟ್ಟಬೇಕು. ಈ ಕಡತದಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಈ ಹೊಂದದ ಜಾಗವೇ. 2017ರ ಸುದ್ದಿಗೆ ಸಿಕ್ಕ ಮೆರವಣಿಗೆಯಲ್ಲಿ ಇದು ಹಿಂದೆ ಉಳಿದುಬಿಟ್ಟಿತು.

ಒಂದು ಉತ್ತರವಿದೆ. ಪ್ರೋಟಾನಿಗೆ ಡಿಕ್ಕಿ ಹೊಡೆಯಲು ಸಾಕಷ್ಟು ಬೆಳಕು ದಟ್ಟವಾಗಿ ತುಂಬಿದ್ದರೆ, ಅದೇ ದಟ್ಟಣೆ ಗಾಮಾವನ್ನೂ ಹೊರಗೆ ಬಿಡುವುದಿಲ್ಲ. ಗಾಮಾ ಅಲ್ಲೇ ಒಡೆದು ಎಲೆಕ್ಟ್ರಾನ್ ಜೋಡಿಗಳಾಗಿ, ಅವು ಮತ್ತೆ ಬೆಳಕಾಗಿ, ಮೆಟ್ಟಿಲಿಳಿದಂತೆ ಎಕ್ಸ್‌ರೇ ಮಟ್ಟಕ್ಕೆ ಬರುತ್ತವೆ. ಹಾಗಿದ್ದರೆ ಆ ದಿನಗಳಲ್ಲಿ ಎಕ್ಸ್‌ರೇ ಜೋರಾಗಿರಬೇಕಿತ್ತು.

ಹುಡುಕಾಟ ನಿಂತದ್ದು ಇಲ್ಲಿ. ಆ 110 ದಿನಗಳಲ್ಲಿ ಸೂಕ್ಷ್ಮ ಎಕ್ಸ್‌ರೇ ದೂರದರ್ಶಕ ಯಾವುದೂ ಅತ್ತ ತಿರುಗಿರಲಿಲ್ಲ. ಇಡೀ ಆಕಾಶವನ್ನು ಗುಡಿಸುತ್ತ ಹೋಗುವ ಬ್ಯಾಟ್, ಮ್ಯಾಕ್ಸಿ ಉಪಕರಣಗಳಿಂದ ಸಿಗುವುದು 'ಇದಕ್ಕಿಂತ ಹೆಚ್ಚಿರಲಿಲ್ಲ' ಎಂಬ ಮಿತಿ ಮಾತ್ರ. ಸಿದ್ಧಾಂತಿಗಳು 13 ನ್ಯೂಟ್ರಿನೊ ಹುಟ್ಟಿಸುವ ಮಾದರಿಗಳನ್ನು ಕಟ್ಟಲು ಹೋದರೆ, ಅವುಗಳ ಎಕ್ಸ್‌ರೇ ಆ ಮಿತಿಯನ್ನೇ ಮುಟ್ಟಿ ಮೀರುತ್ತದೆ. ಎಕ್ಸ್‌ರೇ ನೋಡಬಲ್ಲ ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹ ಮೇಲೇರಿದ್ದು 2015ರ ಸೆಪ್ಟೆಂಬರ್ 28ರಂದು. ಅದರ ದತ್ತಾಂಶ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿದೆ, ಆದರೆ ಆ 110 ದಿನಗಳ ಪುಟ ಅಲ್ಲಿಯೂ ಸಿಗುವುದಿಲ್ಲ. ಆ ಡಿಸೆಂಬರಿನ ನಡುರಾತ್ರಿಗಳಲ್ಲಿ ಮಹಾವ್ಯಾಧ ಬೆಂಗಳೂರಿನ ನೆತ್ತಿಯ ಹತ್ತಿರವೇ ಇದ್ದ.