ಬೀದರ್ ಸೀಮೆಯ ಬಾವಿಗಳಲ್ಲಿ ಸಕ್ಷನ್ ಪೈಪು

ಬೀದರ್ ನಗರವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದ್ದು, ಆ ಕೆಂಪುಕಲ್ಲಿನಲ್ಲಿ ಇಂಗಿದ ಮಳೆನೀರು ಅಡಿಯ ಕಪ್ಪುಶಿಲೆಯ ಮೇಲೆ ತಡೆದು ನಿಲ್ಲುವುದನ್ನು ಬಲ್ಲವರು 15ನೇ ಶತಮಾನದ ಬಹಮನಿ ಆಳ್ವಿಕೆಯಲ್ಲಿ ನೌಬಾದಿನ ಕರೇಜನ್ನು, ಅಂದರೆ ಅಂತರ್ಜಲವನ್ನು ಇಳಿಜಾರಿನಲ್ಲಿ ತಾನಾಗಿಯೇ ಹರಿಸುವ ಸುರಂಗವನ್ನು ತೋಡಿದರು. ಈ ಅನುಕೂಲವಿಲ್ಲದ ಭಾಲ್ಕಿ, ಔರಾದ ಕಡೆಯ ಎರೆಹೊಲಗಳಲ್ಲಿ ತೆರೆದ ಬಾವಿಯೇ ಆಧಾರವಾಗಿದ್ದು, ಎತ್ತುಗಳು ಹಗ್ಗ ಎಳೆದು ಚರ್ಮದ ಚೀಲದಲ್ಲಿ ನೀರೆತ್ತುವ ಕಪಿಲೆಗೆ ಹಗ್ಗದ ಉದ್ದ ಮತ್ತು ಎತ್ತುಗಳ ಕಸುವಷ್ಟೇ ಮಿತಿಯಾಗಿದ್ದವು.

ಬೆಳಗಾವಿಯಲ್ಲಿ 1888ರಲ್ಲಿ ಆರಂಭವಾಗಿ ಮುಂದೆ ಕಿರ್ಲೋಸ್ಕರವಾಡಿಗೆ ನೆಲೆ ಬದಲಿಸಿದ ಕಿರ್ಲೋಸ್ಕರ್ ಸಂಸ್ಥೆಯು 1926ರಲ್ಲಿ ಕೇಂದ್ರಾಪಗಾಮಿ ಪಂಪನ್ನು, ಎಂದರೆ ತಿರುಗುವ ಚಕ್ರದ ಬಿರುಸಿನಿಂದ ನೀರನ್ನು ಹೊರಕ್ಕೆ ಚಿಮ್ಮಿಸುವ ಯಂತ್ರವನ್ನು ತಯಾರಿಸಿತು. ಇಂಥ ಪಂಪುಗಳು ದಖ್ಖನಿನ ಬಾವಿಗಳಿಗೆ ಇಳಿದಾಗ ಎದುರಾದ ಮಿತಿ ಬೇರೆಯೇ ಬಗೆಯದು. ಪಂಪು ನೀರನ್ನು ಎಳೆಯುವುದಿಲ್ಲ. ಅದು ಒತ್ತಡ ತಗ್ಗಿಸಿದ ಜಾಗಕ್ಕೆ ನೀರನ್ನು ಮೇಲೆ ತಳ್ಳುವುದು ಹೊರಗಿನ ಗಾಳಿಯೇ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 10.3 ಮೀಟರ್ ನೀರನ್ನು ಎತ್ತಬಲ್ಲದಾದರೂ, 600 ಮೀಟರಿಗೂ ಎತ್ತರದಲ್ಲಿರುವ ಬೀದರಿನಲ್ಲಿ ಆ ಅಳತೆ ಮುಕ್ಕಾಲು ಮೀಟರಿನಷ್ಟು ತಗ್ಗುತ್ತದೆ. ನೀರಿನಿಂದ ಪಂಪಿನವರೆಗೆ ಬರುವ ಸಕ್ಷನ್ ಪೈಪಿನ ಘರ್ಷಣೆ, ಬೇಸಿಗೆಯ ಬಿಸಿನೀರಿನ ಆವಿ ಇವನ್ನು ಕಳೆದರೆ ಕೈಗೆ ಬರುವುದು ಆರೇಳು ಮೀಟರ್ ಮಾತ್ರ.

ಆದ್ದರಿಂದ ಆಳದ ಬಾವಿಗಳಲ್ಲಿ ಪಂಪಿಗಾಗಿ ಒಳಗೋಡೆಯಲ್ಲೇ ಕಟ್ಟೆ ಕಡಿಯಬೇಕಾಯಿತು. ಮಳೆಗಾಲದಲ್ಲಿ ನೀರು ಏರಿದರೆ ಯಂತ್ರವನ್ನು ಮೇಲಕ್ಕೆತ್ತಬೇಕಿತ್ತು. ಪೈಪಿನ ತುದಿಯ ಫುಟ್‌ವಾಲ್ ನೀರು ಹಿಂದಿಳಿಯದಂತೆ ತಡೆದರೆ ಪಂಪಿಗೆ ಪ್ರತಿ ಸಲ ನೀರು ತುಂಬಿಸುವ ಕೆಲಸ ತಪ್ಪುತ್ತದೆ; ಅದರ ಚರ್ಮದ ವಾಷರು ಸವೆದರೆ ರೈತನು ಮತ್ತೆ ಬಿಂದಿಗೆ ಹಿಡಿಯಬೇಕಾಗುತ್ತದೆ. ಪೈಪು ಪಂಪಿನ ಬಾಯಿಗಿಂತ ದಪ್ಪವಿರಬೇಕು, ಬೆಂಡುಗಳು ಕಡಿಮೆಯಿರಬೇಕು, ಅಡ್ಡಪೈಪು ಪಂಪಿನ ಕಡೆಗೆ ತುಸು ಏರುತ್ತ ಬರಬೇಕು, ಇಲ್ಲವಾದರೆ ಉಬ್ಬಿದ ಕಡೆ ಗಾಳಿ ಕಟ್ಟಿ ಧಾರೆ ತುಂಡಾಗುತ್ತದೆ. ಸಕ್ಷನ್ ಪೈಪನ್ನು ಪಂಪಿನ ಜೊತೆ ಬರುವ ಅಗ್ಗದ ಸಾಮಾನೆಂದು ಎಣಿಸಿದ್ದೇ ಅನೇಕ ಪಂಪುಗಳ ದುರವಸ್ಥೆಗೆ ಕಾರಣವೆನ್ನಬಹುದು.

ಕೊಳವೆಬಾವಿಯ ಸಬ್‌ಮರ್ಸಿಬಲ್ ಪಂಪು ನೀರಿನೊಳಗೇ ಕುಳಿತು ಮೇಲಕ್ಕೆ ತಳ್ಳುವುದರಿಂದ ಅದಕ್ಕೆ ಸಕ್ಷನ್ ಪೈಪೂ ಬೇಡ, ಗಾಳಿಯ ಹಂಗೂ ಇಲ್ಲ. ಈ ಸೌಲಭ್ಯ ಅಂತರ್ಜಲವನ್ನು ಇನ್ನಷ್ಟು ಆಳಕ್ಕೆ ಅಟ್ಟಿತು. ಸೀಮೆಯ ನೀರಾವರಿ ಚರಿತ್ರೆ ಬರೆಯುವವರು ಕರೇಜಿನಂತೆ ಹಳೆಯ ಬಾವಿಗಳ ಪಂಪಿನ ಕಟ್ಟೆಗಳನ್ನೂ, ಅವು ಮುಚ್ಚಿಹೋಗುವ ಮೊದಲು, ಅಳೆದು ದಾಖಲಿಸಬೇಕು.