ಸೀಗಡಿನೊಣ

ಸೀಗಡಿನೊಣ: ಗರಿ, ರೋಮ, ನೂಲು ಮೊದಲಾದ ದ್ರವ್ಯಗಳನ್ನು ಗಾಳದ ಕೊಕ್ಕೆಗೆ ಸುತ್ತಿ, ನೀರಿನೊಳಗೆ ಸೀಗಡಿಯೆಂಬ ಭ್ರಾಂತಿ ಹುಟ್ಟುವಂತೆ ಕಟ್ಟಿದ ಕೃತಕ ಎರೆ. ಕೀಟಗಳ ಅನುಕರಣಕ್ಕೆ ಮಾತ್ರ ಸಲ್ಲುತ್ತಿದ್ದ ‘ಫ್ಲೈ’ ಎಂಬ ಇಂಗ್ಲಿಷ್ ಹೆಸರು ಹೊಳೆಯಿಂದ ಕಡಲಿಗೆ ಇಳಿಯುವಾಗ ತನ್ನ ಅರ್ಥವನ್ನು ದಡದಲ್ಲಿಯೇ ಬಿಟ್ಟುಹೋದುದರಿಂದ, ಹತ್ತು ಕಾಲಿನ ಜಲಚರವೊಂದು ನೊಣವೆನಿಸಿಕೊಂಡಿತು. ಶೆಟ್ಲಿಗೆ ನೊಣವೆಂದು ಹೆಸರಿಟ್ಟುದನ್ನು ಕೇಳಿದರೆ, ಸೀಗಡಿಯನ್ನು ಶೆಟ್ಲಿಯೆನ್ನುವ ನಮ್ಮ ಉತ್ತರ ಕನ್ನಡದ ಕರಾವಳಿಯವರು ನಕ್ಕಾರು.

ಮ್ಯಾಸಿಡೋನಿಯದ ಬೆಸ್ತರು ಕೆಂಪು ಉಣ್ಣೆಯನ್ನೂ ಹುಂಜದ ಗರಿಗಳನ್ನೂ ಕೊಕ್ಕೆಗೆ ಕಟ್ಟಿ ಮೀನು ಹಿಡಿಯುತ್ತಿದ್ದ ಬಗೆಯನ್ನು ಕ್ರಿ.ಶ. ಸುಮಾರು 200ರಲ್ಲಿ ಈಲಿಯನ್ ವರ್ಣಿಸಿದ್ದಾನೆ. ಅಲ್ಲಿಂದ ಹಲವು ಶತಮಾನಗಳ ಕಾಲ ಈ ಕಲೆ ಸಿಹಿನೀರಿನದಾಗಿಯೇ ಉಳಿಯಿತು. ಸೀಗಡಿ ಅದರೊಳಗೆ ಪ್ರವೇಶಿಸಿದ್ದು ಸಮುದ್ರದಲ್ಲಿ ಬೆಳೆದು ನದಿಗೆ ಮರಳುವ ಸಾಲ್ಮನ್ ಮೀನಿನ ನಿಮಿತ್ತವಾಗಿ. ನಿಜವಾದ ಸೀಗಡಿಯನ್ನು ಎರೆಯಾಗಿ ಬಳಸುವುದು ನಿಷಿದ್ಧವಾಗಿದ್ದ ನೀರಿನಲ್ಲಿ ನಿಯಮಕ್ಕೆ ಭಂಗ ಬಾರದಂತೆ ಅದೇ ಪ್ರಲೋಭನವನ್ನು ಒಡ್ಡಬೇಕೆಂದು ಬ್ರಿಟನ್ನಿನ ಎಸ್ಮಂಡ್ ಡ್ರೂರಿ 1953ರಲ್ಲಿ ಹೊಂಬಣ್ಣದ ಫೆಸೆಂಟ್ ಹಕ್ಕಿಯ ಗರಿಗಳಿಂದ ‘ಜನರಲ್ ಪ್ರ್ಯಾಕ್ಟಿಷನರ್’ ಎಂಬ ಎರೆಯನ್ನು ಕಟ್ಟಿದನು. ನಿಷೇಧವೂ ಕೆಲವೊಮ್ಮೆ ಕಲೆಯ ತಾಯಿಯಾಗುವುದುಂಟು.

ಉಪ್ಪುನೀರಿನ ಸೀಗಡಿನೊಣದ ನಿಜವಾದ ತವರು ಫ್ಲಾರಿಡದ ದಕ್ಷಿಣ ತುದಿಯ ದ್ವೀಪಗಳು ಮತ್ತು ಬಹಾಮಾಸ್. ಅಲ್ಲಿಯ ಮೊಣಕಾಲುದ್ದದ ಬಿಳಿ ಮರಳಿನ ನೀರಿನಲ್ಲಿ, ತಲೆಯನ್ನು ನೆಲಕ್ಕೆ ಊರಿ ಬಾಲವನ್ನು ಮೇಲಕ್ಕೆತ್ತಿ ಸೀಗಡಿ, ಏಡಿಗಳನ್ನು ಹೆಕ್ಕುವ ಬೋನ್‌ಫಿಶ್ ಎಂಬ ಬೆಳ್ಳಿಯ ಮೈಯ ಮೀನು ತನ್ನ ವೇಗಕ್ಕೂ ಶಂಕಾಸ್ವಭಾವಕ್ಕೂ ಪ್ರಸಿದ್ಧವಾದುದು. ಹಕ್ಕಿಯ ನೆರಳು ಬಿದ್ದರೂ ಓಟ ಕೀಳುವ ಈ ಪ್ರಾಣಿಯನ್ನು ಗರಿಯ ಎರೆಯಿಂದ ಉದ್ದೇಶಪೂರ್ವಕವಾಗಿ ಹಿಡಿಯಬಹುದೆಂದು 1947ರಲ್ಲಿ ಜೋ ಬ್ರೂಕ್ಸ್ ಎಂಬ ಅಮೆರಿಕನ್ ಲೇಖಕ, ಜಿಮ್ಮಿ ಆಲ್‌ಬ್ರೈಟ್ ಎಂಬ ನಾವಿಕ ಮಾರ್ಗದರ್ಶಿಯ ನೆರವಿನಿಂದ ತೋರಿಸಿಕೊಟ್ಟನು. 1950ರಲ್ಲಿ ಬಂದ ಬ್ರೂಕ್ಸನ ಉಪ್ಪುನೀರಿನ ಗಾಳಗಾರಿಕೆಯ ಗ್ರಂಥ ಈ ವಿನೋದಕ್ಕೆ ಶಾಸ್ತ್ರದ ಸ್ಥಾನವನ್ನು ತಂದಿತು.

ಸೀಗಡಿಯನ್ನು ಅನುಕರಿಸುವವನಿಗೆ ಅದರ ಗತಿಯೇ ಮೊದಲ ಸಮಸ್ಯೆ. ಶಾಂತವಾಗಿದ್ದಾಗ ಸೀಗಡಿ ಮುಂದಕ್ಕೆ ನಡೆಯುತ್ತದೆ. ಅಪಾಯ ಕಂಡೊಡನೆ ಬಾಲವನ್ನು ಹೊಟ್ಟೆಯ ಕಡೆಗೆ ಝಟ್ಟನೆ ಮಡಿಸಿ ಹಿಂದಕ್ಕೆ ಚಿಮ್ಮುತ್ತದೆ. ಆದುದರಿಂದ ಕಣ್ಣು, ಮೀಸೆಗಳನ್ನು ಕೊಕ್ಕೆಯ ಬಾಗಿನ ಕಡೆಗೂ, ಬಾಲವನ್ನು ದಾರ ಕಟ್ಟುವ ಉಂಗುರದ ಕಡೆಗೂ ಇರಿಸುವುದೇ ಸಹಜವಾಯಿತು: ಎಳೆದಾಗ ಎರೆ ಹಿಂದುಮುಂದಾಗಿ ಓಡುವುದು. ಎರಡನೆಯ ಸಮಸ್ಯೆ ಕಡಲಹುಲ್ಲು; ಕೊಕ್ಕೆಯ ಮೊನೆ ಕೆಳಮೊಗವಾಗಿದ್ದರೆ ಮೀನಿಗಿಂತ ಮೊದಲು ಹುಲ್ಲೇ ಸಿಕ್ಕಿಬೀಳುತ್ತದೆ. ಬರ್ಮುಡದ ಪೀಟ್ ಪೆರಿಂಚೀಫ್ ತನ್ನ ‘ಹಾರರ್’ ಎಂಬ ಎರೆಯಲ್ಲಿ ಮೊನೆ ಮೇಲ್ಮುಖವಾಗಿ ಸಾಗುವಂತೆ ರೋಮವನ್ನು ಕಟ್ಟಿ ಇದಕ್ಕೆ ಪರಿಹಾರ ಕಂಡನು.

ಈ ಪರಂಪರೆಯ ಶಿಖರವೆಂದರೆ ‘ಕ್ರೇಜಿ ಚಾರ್ಲಿ’. 1977ರಲ್ಲಿ ಬಹಾಮಾಸಿನ ಆಂಡ್ರೋಸ್ ದ್ವೀಪದಲ್ಲಿ ಚಾರ್ಲಿ ಸ್ಮಿತ್ ಎಂಬ ಮಾರ್ಗದರ್ಶಿಯೊಡನೆ ಗಾಳ ಹಾಕುತ್ತಿದ್ದ ಬಾಬ್ ನಾಹೈಮ್ ಇದನ್ನು ಕಟ್ಟಿ ‘ನಾಸ್ಟಿ ಚಾರ್ಲಿ’ ಎಂದು ಕರೆದನು. ಈಗಿನ ಹೆಸರು ತರುವಾಯದ್ದು. ಲೋಹದ ಗುಂಡುಸರಪಣಿಯಿಂದ ಕತ್ತರಿಸಿದ ಎರಡು ಮಣಿಗಳನ್ನು ಕೊಕ್ಕೆಯ ದಂಡದ ಮೇಲೆ ಕಣ್ಣುಗಳಂತೆ ಬಿಗಿದು, ಮೈಗೆ ಹೊಳೆಯುವ ಜರಿಯನ್ನೂ ಅದರ ಮೇಲೆ ಪಾರದರ್ಶಕವಾದ ಎಳೆಯನ್ನೂ ಸುತ್ತಿ, ಮೊನೆಯನ್ನು ಮರೆಮಾಡುವಂತೆ ಗರಿ ಅಥವಾ ಕರುವಿನ ಬಾಲದ ಕೂದಲನ್ನು ಕಟ್ಟಿದರೆ ಕೆಲಸ ಮುಗಿಯಿತು. ಮಣಿಗಳ ಭಾರ ಕೊಕ್ಕೆಯನ್ನು ತಾನಾಗಿ ಮಗುಚಿ ಹಾಕುವುದು. ಸೋಜಿಗವೆಂದರೆ, ಈ ಎರೆ ಹುಟ್ಟಿದ್ದು ಗಾಜಿನಂತಹ ಸಣ್ಣ ಮೀನೊಂದರ ಅನುಕರಣವಾಗಿ. ಅದನ್ನು ಸೀಗಡಿಗಳ ಪಂಕ್ತಿಗೆ ಸೇರಿಸಿದವರು ಅದನ್ನು ಬಳಸಿದ ಗಾಳಗಾರರು. ಕಾಲು, ಮೀಸೆ, ಬೆನ್ನಿನ ಚಿಪ್ಪು, ತುದಿ ಸುಟ್ಟು ಉರುಟು ಮಾಡಿದ ನೈಲಾನ್ ಕಣ್ಣುಗಳು ಇವೆಲ್ಲವನ್ನೂ ಜೋಡಿಸಿ ಶಿಲ್ಪದಂತೆ ಕಟ್ಟಿದ ಸೀಗಡಿಗಳು ಮುಂದೆ ಹೇರಳವಾಗಿ ಬಂದವು. ಅವು ಮೀನಿಗಿಂತ ಹೆಚ್ಚಾಗಿ ಕೊಳ್ಳುವವನನ್ನು ಆಕರ್ಷಿಸುತ್ತವೆಂಬುದು ಈ ಲೇಖಕನ ಅಭಿಪ್ರಾಯ. ತೂಕ, ಮುಳುಗುವ ವೇಗ, ನೆಲದ ಬಣ್ಣಕ್ಕೆ ಹೊಂದುವ ಮೈಬಣ್ಣ, ಈ ಮೂರು ಸರಿಯಿದ್ದರೆ ಕಾಲುಗಳನ್ನು ಎಣಿಸುವ ಮೀನು ಇಲ್ಲ.

ಪ್ರಯೋಗದ ಕ್ರಮವೂ ಇದನ್ನೇ ಸಮರ್ಥಿಸುತ್ತದೆ. ಮೀನು ಸಾಗುವ ದಾರಿಯನ್ನು ಊಹಿಸಿ ಅದರ ಮುಂದೆ ಎರೆಯನ್ನು ಎಸೆದು, ನೆಲ ಮುಟ್ಟುವವರೆಗೆ ಕಾದು, ಮೀನು ಸಮೀಪಿಸಿದಾಗ ದಾರವನ್ನು ಕೈಯಿಂದ ಗಿಡ್ಡನೆಯ ಎಳೆತಗಳಲ್ಲಿ ಸೆಳೆಯಬೇಕು. ಕಚ್ಚಿದೊಡನೆ ಹೊಳೆಯ ಅಭ್ಯಾಸದಂತೆ ಕೋಲನ್ನೆತ್ತುವವನು ಎರೆಯನ್ನು ಮೀನಿನ ಬಾಯಿಂದ ಕಿತ್ತುಕೊಂಡಂತೆಯೇ. ತೀರ ತೆಳುನೀರಿನಲ್ಲಿ ಮಣಿಯ ಸದ್ದೂ ಮೀನನ್ನು ಬೆದರಿಸುವುದರಿಂದ ಕಣ್ಣಿಲ್ಲದ ಹಗುರ ಎರೆಯನ್ನೂ, ಆಳದಲ್ಲಿ ಸೀಸದ ಕಣ್ಣಿನದನ್ನೂ ಬಳಸುವರು. ಬಾಲ್ಟಿಕ್ ತೀರದ ಡೆನ್ಮಾರ್ಕಿನವರು ಚಳಿನೀರಿನ ಸಮುದ್ರ ಟ್ರೌಟಿಗಾಗಿ ತಮ್ಮದೇ ಸೀಗಡಿಗಳನ್ನು ಕಟ್ಟಿಕೊಂಡಿದ್ದಾರೆ; ‘ಮ್ಯಾಗ್ನಸ್’ ಅವುಗಳಲ್ಲಿ ಹೆಸರಾದುದು.

ಈ ಕಲೆಯ ದ್ರವ್ಯಗಳಲ್ಲಿ ನಮ್ಮ ನಾಡಿನ ಪಾಲೂ ಇದೆ. ಭಾರತದ ಹುಂಜಗಳ ಕತ್ತಿನ ಗರಿ ಬಹುಕಾಲ ವಿದೇಶದ ಕಟ್ಟುಗಾರರಿಗೆ ಅಗ್ಗದ ಸಾಮಗ್ರಿಯಾಗಿತ್ತು. ಐರ್ಲೆಂಡಿನ ‘ಕರೀಸ್ ರೆಡ್ ಶ್ರಿಂಪ್’ ಎಂಬ ಸಾಲ್ಮನ್ ಸೀಗಡಿಯ ರೆಕ್ಕೆಗೆ ಬೇಕಾದುದು ಸಹ್ಯಾದ್ರಿಯ ಬೂದು ಕಾಡುಕೋಳಿಯ ಕತ್ತಿನ, ಅರಗು ತೊಟ್ಟಿಕ್ಕಿದಂತೆ ಚುಕ್ಕಿಯಿರುವ ಗರಿ. ಇದಕ್ಕಾಗಿ ಹಕ್ಕಿಗಳ ಬೇಟೆ ಮಿತಿಮೀರಿದುದರಿಂದ ಭಾರತ ಸರ್ಕಾರ 1968ರಲ್ಲಿ ಅದರ ರಫ್ತನ್ನು ನಿಷೇಧಿಸಿತು. ಇಂದು ಕಟ್ಟುಗಾರರಿಗೆ ದೊರೆಯುವ ಗರಿ ವಿದೇಶಗಳಲ್ಲಿ ಸೆರೆಯಲ್ಲಿ ಸಾಕಿದ ಕೋಳಿಗಳದು.